ಅಪ್‌ಡೇಟ್: ಕೊನೆಗೂ ರೇಜರನ್ನೇ ಆರಿಸಿಕೊಂಡೆ

ಸೈಕಲ್ ರೇಸಿಗೆ ಮುನ್ನ ಕಾಲಿನ ಕೂದಲು ತೆಗೆಯಲು ರೇಜರ್, ಕ್ರೀಮ್, ವ್ಯಾಕ್ಸ್‌ಗಳಲ್ಲಿ ಯಾವುದು ಒಳ್ಳೆಯದೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕ್ರೀಮನ್ನು ಮೀನಖಂಡದ ಮೇಲೆ ಚೂರು ಹಚ್ಚಿ ನೋಡಿದೆ. ಚರ್ಮ ಕೆಂಪಾಗಿ ಉರಿಯಿತು, ಅಲ್ಲಿಗೇ ಬಿಟ್ಟೆ. ವ್ಯಾಕ್ಸ್‌ಗೆ ಧೈರ್ಯ ಬರಲಿಲ್ಲ. ಟ್ರಿಮ್ಮರಿನಿಂದ ಗಿಡ್ಡ ಮಾಡಿಕೊಂಡು, ಬಿಸಿನೀರಿನ ಸ್ನಾನದ ನಂತರ ಹೊಸ ಬ್ಲೇಡಿನಲ್ಲಿ ಕೂದಲು ಬೆಳೆದ ದಿಕ್ಕಿನಲ್ಲೇ ಬೋಳಿಸಿದೆ. ದಯವಿಟ್ಟು ರೇಸಿಗೆ ಎರಡು ದಿನ ಮೊದಲೇ ಮುಗಿಸಿಕೊಳ್ಳಿ, ಹಸಿ ಗೀರುಗಳ ಮೇಲೆ ಬೆವರು ಇಳಿದರೆ ಸಹಿಸಲಾಗದು.

2014ರಲ್ಲಿ ಸ್ಪೆಷಲೈಸ್ಡ್ ಎಂಬ ಸೈಕಲ್ ಕಂಪನಿಯ ಗಾಳಿ ಸುರಂಗ ಪರೀಕ್ಷೆಯಲ್ಲಿ (ಸುರಂಗದೊಳಗೆ ಗಾಳಿ ಬೀಸಿ ಅದರ ತಡೆ ಅಳೆಯುವುದು) ಬೋಳಿಸಿದ ಕಾಲಿಗೆ 40 ಕಿ.ಮೀ.ಗೆ ಸುಮಾರು ಒಂದು ನಿಮಿಷದ ಉಳಿತಾಯ ಕಂಡಿತ್ತು. ನಂದಿ ಬೆಟ್ಟದ ಏರಿನಲ್ಲಿ, ಆ ನಿಧಾನ ವೇಗದಲ್ಲಿ, ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ತಿಳಿದದ್ದು ಇಳಿಜಾರಿನ ತಿರುವಿನಲ್ಲಿ ಬಿದ್ದು ಮೊಣಕಾಲು ತರಚಿದಾಗ: ಗಾಯ ತೊಳೆಯುವುದು, ಪಟ್ಟಿ ಬಿಚ್ಚುವುದು ಎಷ್ಟು ಸಲೀಸು!