ಕುರುಕ್ಷೇತ್ರದ ಸೆಟ್‌ನಲ್ಲಿ ಕೀಚಕನಿಗೆ ಜಾಗ ಇದೆಯಾ?

ಕಾಳಿದಂಡೆ: ಕಾರವಾರ ಕಡಲತೀರದ ಉತ್ಸವಕ್ಕೆ 60 ಅಡಿ ಉದ್ದ, 40 ಅಡಿ ಅಗಲದ ಕುರುಕ್ಷೇತ್ರ ಕಟ್ತಿದ್ದೇವೆ. ಕಾಲ: ಯುದ್ಧದ 13ನೇ ದಿನದ ಬೆಳಿಗ್ಗೆ. ಜನರ ನಡುವೆ ಓಡಾಡೋದು ಬಡಗುತಿಟ್ಟು ಯಕ್ಷಗಾನದ ಆರು ವೇಷ. ಸಮಿತಿಯವರಿಗೆ ಕೀಚಕ, ಬಭ್ರುವಾಹನ ಬೇಕೇ ಬೇಕಂತೆ, ಸೆಲ್ಫಿಗೆ ಮುಗಿಬೀಳೋದು ಅವರ ಹತ್ರವಂತೆ. ಕೀಚಕ ಅಜ್ಞಾತವಾಸದಲ್ಲೇ ಸತ್ತ, ಬಭ್ರುವಾಹನ ಬರೋದು ಅಶ್ವಮೇಧಕ್ಕೆ. ಕಾಲ ಬಿಡಬೇಕೋ, ವೇಷ ಬಿಡಬೇಕೋ?

ಬಾಟು_ಬಸ್: ಡಿಸ್ನಿಯವರೂ ಇಲ್ಲೇ ಸಿಕ್ಕಿಬಿದ್ದಿದ್ದು. 2019ರಲ್ಲಿ ತಮ್ಮ ಥೀಮ್ ಪಾರ್ಕುಗಳಲ್ಲಿ ತೆರೆದ ಸ್ಟಾರ್ ವಾರ್ಸ್ ಲೋಕ ಗ್ಯಾಲಕ್ಸೀಸ್ ಎಡ್ಜ್‌ಗೆ ಒಂದೇ ಕಾಲ ಕಟ್ಟಿದರು, ಸಿನಿಮಾ ಸರಣಿಯ ಎಂಟನೇ ಮತ್ತು ಒಂಬತ್ತನೇ ಭಾಗದ ನಡುವೆ. ಆ ಹೊತ್ತಿಗೆ ಹಳೆ ಸಿನಿಮಾಗಳ ವೇಡರ್, ಹಾನ್, ಲ್ಯೂಕ್ ಮೂವರೂ ಸತ್ತಾಗಿದೆ. ಹಾನ್‌ನ ಹಡಗು ಮಾತ್ರ ಅಂಗಳದಲ್ಲಿ ನಿಂತಿದೆ! 2022ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕಿಗೆ ಇನ್ನೊಂದು ಸ್ಟಾರ್ ವಾರ್ಸ್ ಕತೆಯ ಮ್ಯಾಂಡಲೋರಿಯನ್, ಗ್ರೋಗು ಬಂದರು. ಅವರ ಕತೆ ಆ ಕಾಲಕ್ಕಿಂತ ಸುಮಾರು 25 ವರ್ಷ ಹಿಂದಿನದು. ಆಮೇಲೆ 2026ರ ಏಪ್ರಿಲ್‌ನಿಂದ ಅಲ್ಲಿ ವೇಡರ್, ಲ್ಯೂಕ್, ಲೀಯಾ, ಹಾನ್ ಬರ್ತಾರೆ, ಹೊಸ ಸಿನಿಮಾಗಳ ರೇ ತನ್ನ ರೈಡ್ ಹತ್ತಿರವೇ ಇರ್ತಾಳೆ ಅಂತ ಘೋಷಿಸಿದರು. ಅಂದ್ರೆ ಒಂದೊಂದು ಮೂಲೆಗೆ ಒಂದೊಂದು ಕಾಲ. ನನಗೆ ಕೇಳಿದ್ರೆ ಮೊದಲೇ ಹಾಗೆ ಮಾಡಬೇಕಿತ್ತು.

ಚೌಕಿಮನೆ_ಶಿರಸಿ: 13ನೇ ದಿನ ಬಿಡಬೇಡಿ ಮಾರಾಯ್ರೆ, ಅಷ್ಟು ತುಂಬಿದ ದಿನ ಇನ್ನೊಂದಿಲ್ಲ. ಭೀಷ್ಮ ಬಿದ್ದದ್ದು 10ಕ್ಕೆ, ಆದರೆ ಶರಶಯ್ಯೆಯಲ್ಲಿ ಜೀವ ಇದೆ. ಕರ್ಣ ರಣಕ್ಕಿಳಿದದ್ದು 11ಕ್ಕೆ. ಅಭಿಮನ್ಯು ಸಂಜೆವರೆಗೆ ಇದ್ದಾನೆ, ಘಟೋತ್ಕಚ ಮರುದಿನ ರಾತ್ರಿವರೆಗೆ, ದ್ರೋಣ 15ರವರೆಗೆ.

ಉಳಿದಿಬ್ಬರಿಗೆ ಹೊರಬಾಗಿಲ ಪಕ್ಕ 10 ಅಡಿಗೆ 12 ಅಡಿಯ ಚೌಕಿ, ಅಂದ್ರೆ ವೇಷ ಕಟ್ಟುವ ಕೋಣೆ, ಹಾಕಿ. ಗಣಪತಿ, ಕನ್ನಡಿ, ಬಣ್ಣದ ತಟ್ಟೆ, ಕಿರೀಟದ ಪೆಟ್ಟಿಗೆ ಸಾಕು. ಚೌಕಿಯಲ್ಲಿ ಕೂತವ ಕೀಚಕನಲ್ಲ, ಕೀಚಕನ ವೇಷ ಕಟ್ಟಿದ ಕಲಾವಿದ. ಅಲ್ಲಿ ಯಾವ ಯುಗದವನೂ ಕೂರಬಹುದು, ರಣರಂಗದ ಕಡೆ ಮಾತ್ರ ಹೆಜ್ಜೆ ಇಡಬಾರದು. ಇನ್ನೊಂದು, ಅಭಿಮನ್ಯುವಿಗೂ ಬಭ್ರುವಾಹನನಿಗೂ ತಲೆಗೆ ಕಟ್ಟೋದು ಕೇದಗೆ ಮುಂದಲೆಯೇ. ದೂರದಿಂದ ಜನ ಅದಲುಬದಲು ಮಾಡ್ತಾರೆ, ಒಟ್ಟಿಗೆ ಕಣ್ಣಿಗೆ ಬೀಳದ ಹಾಗೆ ನಡುವೆ ಪರದೆ ಇರಲಿ.

ಕಾಳಿದಂಡೆ: ಚೌಕಿ ಒಪ್ಪಿದೆ. ಪಾಳಿ ಹೇಗೆ?

ಚೌಕಿಮನೆ_ಶಿರಸಿ: ಬಣ್ಣ, ವೇಷಕ್ಕೆ ಎರಡು ತಾಸು ಹಿಡಿಯಿರಿ. ಗೇಟ್ 5.30ಕ್ಕಾದ್ರೆ 3.30ಕ್ಕೇ ಕೂರಿಸಿ. ಕಡಲ ಸೆಕೆಗೆ ಹಣೆಯ ಅಂಚಿನಿಂದಲೇ ಬಣ್ಣ ಹರಿಯೋಕೆ ಶುರು. 20 ನಿಮಿಷ ಹೊರಗೆ, 20 ನಿಮಿಷ ಫ್ಯಾನ್ ಎದುರು, ಕಿರೀಟ ಬಿಚ್ಚದೆ.

ಬಾಟು_ಬಸ್: ಧ್ವನಿಮುದ್ರಣವನ್ನೂ ನೋಡ್ಕೊಳ್ಳಿ. ಭಾಗವತರ ಪದ 6 ಗಂಟೆಗೇ ಅಭಿಮನ್ಯುವನ್ನು ಕೊಂದುಬಿಟ್ರೆ, 9ರವರೆಗೆ ಅವನು ಫೋಟೋಗೆ ನಿಲ್ಲೋದು ಹೇಗೆ? ಪದ ಚಕ್ರವ್ಯೂಹದ ಬಾಗಿಲಲ್ಲೇ ನಿಲ್ಲಲಿ.