ಮರದ ಮೇಲೆ ಕೂರುವ ಬೇಟೆಗಾರರ ‘ಹಾರ್ನೆಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆಯುವ ಜಿಂಕೆ ಬೇಟೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಲ್ಲಿ ನವೆಂಬರ್ ಕೊನೆಯ ಹೊತ್ತಿಗೆ 9 ದಿನ ಬಂದೂಕಿನ ಬೇಟೆ. ಬಹಳ ಜನ ಮರಕ್ಕೆ ಬಿಗಿದ ಪುಟ್ಟ ಆಸನದಲ್ಲಿ, ಚಳಿಯಲ್ಲಿ, ಗಂಟೆಗಟ್ಟಲೆ ಕಾಯುತ್ತಾರೆ. ತೂಕಡಿಸಿಯೋ ಕಾಲು ಜಾರಿಯೋ ಬೀಳುವವರೂ ಇದ್ದಾರೆ. ಹಾಗೆ ಬಿದ್ದರೂ ನೆಲ ಮುಟ್ಟದಂತೆ ಮೈಗೆ ತೊಟ್ಟು ಮರಕ್ಕೆ ಸಿಕ್ಕಿಸಿಕೊಳ್ಳುವ ಪಟ್ಟಿಗಳ ಜೋಡಣೆಯೇ ಹಾರ್ನೆಸ್.

ಆ ಆಸನಕ್ಕೆ ಪದ ಸಿಕ್ಕಿದೆ. ‘ಅಟ್ಟಣೆ’ ಎಲ್ಲರಿಗೂ ಗೊತ್ತಾಗುತ್ತದೆ. ‘ಮಂಚಿಕೆ’ ಅಂದರೆ ಜೋಳದ ಹೊಲ ಕಾಯುವುದೇ ನೆನಪಾಗುತ್ತದೆ, ಹಾಗಾಗಿ ಬಿಟ್ಟೆ. ಕಾದು ಕೂರುವ ಕೆಲಸಕ್ಕಂತೂ ಮಲೆನಾಡಿನ ‘ಮರಸು ಕೂರುವುದು’ ಇದೆ, ಅದಕ್ಕಿಂತ ಚೆನ್ನಾದ ಮಾತು ಬೇಕಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಗೆ ನಿಷೇಧ ಇದ್ದರೂ ಮಾತು ಉಳಿದಿದೆ.

ತೊಡಕಿರುವುದು ಹಾರ್ನೆಸ್‌ನಲ್ಲಿ. ನಿಘಂಟು ನೋಡಿದರೆ ಕುದುರೆಯ ಸಜ್ಜು ಅನ್ನುತ್ತದೆ. ಲೈನ್‌ಮನ್‌ಗಳ ಬಾಯಲ್ಲಿ ಅದು ‘ಸೇಫ್ಟಿ ಬೆಲ್ಟ್’. ಇದನ್ನೇ ಇಟ್ಟುಕೊಳ್ಳಬಹುದಿತ್ತು, ಆದರೆ ಬೆಲ್ಟ್ ಅಂದ ಕೂಡಲೇ ಓದುಗರ ಮನಸ್ಸು ಸೊಂಟಕ್ಕೆ ಹೋಗುತ್ತದೆ, ಅಲ್ವಾ? ಬೇಟೆಗಾರರಿಗೆ ಬೇಡ ಅಂತ ಹೇಳುವುದೇ ಬರೀ ಸೊಂಟದ ಪಟ್ಟಿಯನ್ನು. ಬಿದ್ದಾಗ ಮೈಯ ಭಾರವೆಲ್ಲ ಹೊಟ್ಟೆಯ ಮೇಲೆ ಬಂದು ಉಸಿರು ಕಟ್ಟುತ್ತದೆ. ಇಲ್ಲವೇ ತಲೆಕೆಳಗಾಗಿ ಪಟ್ಟಿಯಿಂದಲೇ ಜಾರಿಬಿಡಬಹುದು. ಪದ ತಪ್ಪಿದರೆ ಓದಿದವರು ತಪ್ಪು ವಸ್ತುವನ್ನೇ ಕೊಂಡಾರು ಅನ್ನುವ ಭಯ ನನಗಿದೆ.

ಈಗಿನ ಹಾರ್ನೆಸ್ ಎರಡೂ ಹೆಗಲು ದಾಟಿ, ಎದೆಗೆ ಅಡ್ಡ ಬಂದು, ಎರಡು ತೊಡೆಗೂ ಸುತ್ತಿಕೊಳ್ಳುತ್ತದೆ. ಬೆನ್ನ ಮೇಲಿಂದ ಹೊರಡುವ ಗಿಡ್ಡ ಪಟ್ಟಿಯೊಂದು ಮರಕ್ಕೆ ಸುತ್ತಿದ ಪಟ್ಟಿಗೆ ಸೇರುತ್ತದೆ. ಕೂತಾಗ ಮರದ ಪಟ್ಟಿ ತಲೆಗಿಂತ ಮೇಲಿರಬೇಕು, ಗಿಡ್ಡ ಪಟ್ಟಿ ಜೋಲಬಾರದು. ಇಡೀ ಜೋಡಣೆಗೆ ‘ಮೈಪಟ್ಟಿ’ ಅನ್ನೋಣವೇ? ‘ಮೈಕಟ್ಟು’ ಇನ್ನೂ ಚೆನ್ನಾಗಿ ಹೊಂದುತ್ತಿತ್ತು, ಆದರೆ ಅದಕ್ಕೆ ಬೇರೆ ಅರ್ಥ ಇದೆಯಲ್ಲ. ಮರಕ್ಕೆ ಸೇರಿಸುವ ಗಿಡ್ಡ ಪಟ್ಟಿಗೆ ‘ಕಣ್ಣಿ’ ನನಗೆ ಹಿಡಿಸಿದೆ. ದನದ ಕಣ್ಣಿಯ ಕೆಲಸವೂ ಅದೇ: ಒಂದು ತುದಿ ಮೈಗೆ, ಇನ್ನೊಂದು ಗೂಟಕ್ಕೆ.

ಇನ್ನೆರಡು ಪದ ಬೇಕು. ಹತ್ತಿ ಇಳಿಯುವಾಗಲೂ ಜನ ಬೀಳುತ್ತಾರೆ. ಅದಕ್ಕೆ ಮೇಲಿಂದ ನೆಲದವರೆಗೆ ಒಂದು ಹಗ್ಗ ಇಳಿಬಿಟ್ಟು, ಅದರ ಮೇಲೆ ಒಂದು ಗಂಟು ಹಾಕಿ, ಕಣ್ಣಿಯನ್ನು ಅದಕ್ಕೆ ಸಿಕ್ಕಿಸುತ್ತಾರೆ. ಕೈಯಿಂದ ಸರಿಸಿದರೆ ಗಂಟು ಸರಿಯುತ್ತದೆ. ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಈ ಗಂಟಿಗೆ ಏನನ್ನೋಣ? ‘ಜೀರುಗುಣಿಕೆ’ ಅಂದರೆ ಉರುಲೇ ನೆನಪಾಗುತ್ತದೆ, ಅದು ಬೇಡ.

ಎರಡನೆಯದು, ಬಿದ್ದು ನೇತಾಡುವಾಗ ಕಾಲೂರಿ ನಿಲ್ಲುವ ಕುಣಿಕೆ. ಸುಮ್ನೆ ನೇತಾಡಿದರೆ ತೊಡೆಪಟ್ಟಿ ಒತ್ತಿ, ಕಾಲಿಗೆ ಇಳಿದ ರಕ್ತ ಮೇಲೇರದೆ ಪ್ರಜ್ಞೆಯೇ ತಪ್ಪಬಹುದು. ಅದಕ್ಕೇ ಇದು ಜೇಬಿನಲ್ಲೇ ಇರಬೇಕು. ಅಡಿಕೆ ಮರ ಹತ್ತುವವರ ಕಾಲಿನ ‘ತಳೆ’ಯನ್ನು ಇದಕ್ಕೆ ಬಳಸಿದರೆ ತಪ್ಪಾದೀತೇ? ತಳೆ ಎರಡೂ ಪಾದಗಳನ್ನು ಜೋಡಿಸುತ್ತದೆ. ಇದು ಮೇಲಿಂದ ಇಳಿಬಿದ್ದಿರುತ್ತದೆ.

ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರು ಅಡಿಕೆ ಕೊನೆ ಕೊಯ್ಯುವ ಕೊನೆಗಾರರನ್ನೇ ಒಮ್ಮೆ ಕೇಳಿ ತಿಳಿಸಿದರೆ ದೊಡ್ಡ ಉಪಕಾರ. ಕಚ್ಚಿ ಹಿಡಿಯುವ ಗಂಟಿಗೆ ಅವರಲ್ಲಿ ಏನಾದರೂ ಹೆಸರಿದೆಯೇ?