ಸಹಾಯ ಬೇಕು: ಜಡೆ, ತುರುಬು, ಜುಟ್ಟು – ನಿಮ್ಮೂರಲ್ಲಿ ಏನಂತಾರೆ?

ಕೂದಲು ಕಟ್ಟುವ ಬಗೆಗಳ ಪದಪಟ್ಟಿ ಮಾಡುತ್ತಿದ್ದೇವೆ. ಬರೀ ಹೆಸರು ಸಾಲದು, ಕ್ರಿಯಾಪದವೂ ಬೇಕು. ಮೂರು ಎಳೆ ಸೇರಿಸಿ ಜಡೆ ಹೆಣೆಯುತ್ತೇವೆ, ಸುತ್ತಿ ತುರುಬು ಕಟ್ಟುತ್ತೇವೆ, ಬಾಚಣಿಗೆ ತುದಿಯಿಂದ ಬೈತಲೆ ತೆಗೆಯುತ್ತೇವೆ. ಗೊಂದಲ ಹೆಚ್ಚು ‘ಮುಡಿ’ಯಲ್ಲಿ: ಹೂ ಮುಡಿಯುವುದೂ ಅದೇ, ದೇವರಿಗೆ ಕೂದಲು ಕೊಟ್ಟರೆ ‘ಮುಡಿ ಕೊಡುವುದು’. ಜುಟ್ಟೋ, ಗಂಡಸರ ಶಿಖೆಯೂ ಹೌದು, ಮಗುವಿನ ನೆತ್ತಿಯ ಮೇಲೆ ರಬ್ಬರ್‌ಬ್ಯಾಂಡ್ ಹಾಕಿದ ಗೊಂಚಲೂ ಹೌದು. (‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಗಾದೆ ಗೊತ್ತು, ಅದು ಬೇಡ!)

ಬೇಕಾದ್ದು ಇಷ್ಟು: ಹೆಣೆಯದೆ ಹಿಂದೆ ಒಟ್ಟಿಗೆ ಕಟ್ಟಿ ಇಳಿಬಿಟ್ಟ ಕೂದಲಿಗೆ, ರಿಬ್ಬನ್ ಹಾಕಿ ಮೇಲಕ್ಕೆ ಮಡಚಿ ಕಟ್ಟಿದ ಶಾಲೆಯ ಎರಡು ಜಡೆಗೆ, ಉದ್ದಕ್ಕೆಂದು ಸೇರಿಸುವ ಚವರಿಗೆ ನಿಮ್ಮಲ್ಲಿನ ಪದ. ತಾಲ್ಲೂಕಿನ ಹೆಸರು, ಮನೆಮಾತಿನ ಒಂದು ವಾಕ್ಯ ಜೊತೆಗಿರಲಿ.